ಪೇಟಿ ದಾರಿ ತಪ್ಪಿರಲಿಲ್ಲ

ಒಬ್ಬ ಮನುಷ್ಯನ ಮೇಲೆ ನಾನು ಹದಿನಾಲ್ಕು ವರ್ಷ ಸೇಡು ಇಟ್ಟುಕೊಂಡಿದ್ದೆ. ಆ ಹದಿನಾಲ್ಕು ವರ್ಷಗಳಲ್ಲಿ ನನ್ನ ಮದುವೆಯಾಯಿತು, ಹಾನಗಲ್ಲಿನಿಂದ ಹಿರೇಕೆರೂರಿಗೆ ಬಂದೆ, ಇಬ್ಬರು ಮಕ್ಕಳಾದರು, ಬ್ಲೌಸ್ ಹೊಲಿಯುವ ನನ್ನದೇ ಒಂದು ಅಂಗಡಿಯಾಯಿತು, ಅಪ್ಪ ತೀರಿಕೊಂಡರು. ಸೇಡು ಮಾತ್ರ ಇದ್ದ ಹಾಗೇ ಇತ್ತು. ಯಾರ ಮುಂದೆಯೂ ಅದನ್ನು ಆಡಿರಲಿಲ್ಲ. ಆಡಿದ್ದರೆ, ಇಷ್ಟು ಸಣ್ಣ ಮಾತಿಗಾ ಎನ್ನುತ್ತಿದ್ದರು. ಆದದ್ದಾದರೂ ಏನು? ಒಂದು ಹಾಡು ನಡುವೆ ನಿಂತಿತು. ಅದು ನಿಂತದ್ದು ಯಾರ ತಪ್ಪಿನಿಂದ ಎಂಬುದು ವೇದಿಕೆಯ ಮೇಲಿದ್ದ ಮೂವರಿಗೆ ಮಾತ್ರ ಗೊತ್ತಿತ್ತು. ಆ ಮೂವರಲ್ಲಿ ನಾನೊಬ್ಬಳು.

ನಮ್ಮಪ್ಪ ಹಾನಗಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರ ಟೇಲರ್. ಹರೆಯದಲ್ಲಿ ಊರಿನ ನಾಟಕಗಳಿಗೆ ಪೇಟಿ ನುಡಿಸಿದವರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಹೇಳುವುದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ತುಂಡುಗಳ ರಾಶಿಯ ಪಕ್ಕ ಅವರ ಹಳೆಯ ಪೇಟಿ ಇರುತ್ತಿತ್ತು. ನಾನು ಕಾಜಾ ಹೊಲಿಯುವುದನ್ನು ಕಲಿತದ್ದೂ ಅಲ್ಲೇ, ಸರಿಗಮ ಕಲಿತದ್ದೂ ಅಲ್ಲೇ. ಅಪ್ಪ ಮುಂದೆ ಮಿಷನ್ ತುಳಿಯುತ್ತ, ನಾನು ಒಂದು ಸ್ವರ ತಪ್ಪಿದರೂ ಕೂತಲ್ಲಿಂದಲೇ "ಊಂಹೂಂ" ಅನ್ನುತ್ತಿದ್ದರು. ಮಿಷನ್ ನಿಲ್ಲುತ್ತಿರಲಿಲ್ಲ.

ಮಾಸ್ತರು ನಮ್ಮ ಅಂಗಡಿಗೆ ಬಂದದ್ದು ಜುಬ್ಬಾದ ಅಳತೆ ಕೊಡಲಿಕ್ಕೆ. ಅವರು ಶಾಲೆಯಲ್ಲಿ ಮಾಸ್ತರರಾಗಿದ್ದರು, ಆದರೆ ಸುತ್ತಲಿನ ನಾಲ್ಕೂ ತಾಲೂಕುಗಳಲ್ಲಿ ಮಂದಿಗೆ ಅವರು ಗೊತ್ತಿದ್ದದ್ದು ತತ್ವಪದ ಹಾಡುವವರೆಂದು. ಅಪ್ಪ ಅವರ ಎದೆಯ ಸುತ್ತ ಟೇಪು ಹಿಡಿದಿದ್ದಾಗ ನಾನು ಹಿಂದೆ ನುಡಿಸುತ್ತಿದ್ದೆ. ಮಾಸ್ತರು ಕೈ ಮೇಲೆತ್ತಿ ನಿಂತವರು ಹಾಗೇ ನಿಂತುಬಿಟ್ಟರಂತೆ.

"ಯಾರ್ರಿ ಒಳಗ ನುಡಿಸಾಕತ್ತಾರ?"

"ನಮ್ಮ ಹುಡುಗಿರಿ."

"ಆಕೀನ್ನ ನಮ್ಮ ಜೋಡಿ ಕಳಸ್ರಿ."

ಅಪ್ಪನ ಮುಖ ಅವತ್ತು ಅರಳಿದಂತೆ ಆಮೇಲೆ ನನ್ನ ಮದುವೆಯಲ್ಲೂ ಅರಳಲಿಲ್ಲ. ಆಗ ನನಗೆ ಇಪ್ಪತ್ತು ವರ್ಷ.

ನಮ್ಮದು ಮೂರೇ ಜನರ ಮೇಳ. ಮಾಸ್ತರು ಹಾಡು, ನಾನು ಪೇಟಿ, ತಬಲಾಕ್ಕೆ ಸವಣೂರಿನ ಚಾಚಾ. ಚಾಚಾನದು ಗಾದಿ ತುಂಬುವ ಅಂಗಡಿ. ಹತ್ತಿಯ ಎಳೆಗಳು ಹುಬ್ಬಿನಲ್ಲಿ ಸಿಕ್ಕಿಕೊಂಡಿರುತ್ತಿದ್ದವು. ಎಷ್ಟೋ ಸಲ ಹಾಗೇ ಎದ್ದು ಬಂದು ವೇದಿಕೆಯ ಮೇಲೆ ಕೂತುಬಿಡುತ್ತಿದ್ದರು. ಅವರು ನನ್ನನ್ನು ಬೇಟಿ ಎಂದು ಕರೆಯುತ್ತಿದ್ದರು.

ಮಾಸ್ತರು ಮೈಕ್ ಮುಟ್ಟುತ್ತಿರಲಿಲ್ಲ. ಯಾರಾದರೂ ತಂದಿಟ್ಟರೆ ತಾವೇ ಎತ್ತಿ ಪಕ್ಕಕ್ಕೆ ಇಡುತ್ತಿದ್ದರು. "ಮೈಕ್ ಹಿಡದು ಒದರೋದು ಸಂತ್ಯಾಗ ಬಳಿ ಮಾರೋರ ಕೆಲಸ. ಕೇಳಬೇಕಂದ್ರ ಹತ್ತರ ಬರ್ರಿ," ಎನ್ನುತ್ತಿದ್ದರು. ಮಂದಿ ಹತ್ತಿರ ಬರುತ್ತಿದ್ದರು. ನಾವು ಮೂವರೂ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಒತ್ತಿ ಕೂರುತ್ತಿದ್ದೆವು. ಮೈಕ್ ಇಲ್ಲದ ಕಾರಣ ಒಬ್ಬರನ್ನೊಬ್ಬರು ಕೇಳಲೇಬೇಕಿತ್ತು. ಮಾಸ್ತರು ಉಸಿರು ತೆಗೆದುಕೊಳ್ಳುವ ಸದ್ದಿನಿಂದಲೇ ಮುಂದಿನ ಸಾಲು ಮೇಲಕ್ಕೆ ಹೋಗುತ್ತದೋ ಕೆಳಕ್ಕೋ ಅಂತ ನನಗೆ ತಿಳಿಯುತ್ತಿತ್ತು.

ನಾವು ತಾಲೀಮು ಅಂತ ಮಾಡಿದವರೇ ಅಲ್ಲ. ಇವತ್ತು ಹಾಡಿದಂತೆ ನಾಳೆ ಹಾಡುವುದು ಮಾಸ್ತರರಿಗೆ ಆಗುತ್ತಿರಲಿಲ್ಲ. ನಡುವೆ ಒಂದು ಸಾಲನ್ನು ಹಿಡಿದು ಎಳೆದು, ತಿರುಗಿಸಿ, ಇನ್ನೆಲ್ಲೋ ಕೊಂಡೊಯ್ದು ಬಿಡುತ್ತಿದ್ದರು. ನಾವು ಬೆನ್ನು ಹತ್ತಬೇಕು. ಹಾಗೆ ಹೋಗುವಾಗ ತಪ್ಪುಗಳು ಆಗಿಯೇ ಆಗುತ್ತವೆ. ದುಂಡಸಿಯಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ಹಾಡುತ್ತಿದ್ದಾಗ ನನ್ನ ಬೆರಳು ಜಾರಿ, ಆ ರಾಗದಲ್ಲಿ ಇಲ್ಲವೇ ಇಲ್ಲದ ಒಂದು ಸ್ವರದ ಮೇಲೆ ಬಿತ್ತು. ನನ್ನ ಜೀವ ಹಾರಿಹೋಯಿತು. ಚಾಚಾ ಬಾಯಿ ಅಲ್ಲಾಡಿಸದೆ ಹೇಳಿದರು, "ಇನ್ನೊಮ್ಮಿ ಅದನ್ನ ಹೊಡಿ ಬೇಟಿ."

ಮುಂದಿನ ಸುತ್ತಿನಲ್ಲಿ ಅದೇ ತಪ್ಪನ್ನು ಬೇಕೆಂದೇ ಮತ್ತೆ ಮಾಡಿದೆ. ಮಾಸ್ತರು ತಟ್ಟನೆ ಆ ಸ್ವರವನ್ನು ಬಾಯಿಗೆ ತೆಗೆದುಕೊಂಡು, ಅದರ ಮೇಲೆಯೇ ಕೂತು, ಇಡೀ ಸಾಲನ್ನು ಅಳುವ ಹಾಗೆ ಬಗ್ಗಿಸಿಬಿಟ್ಟರು. ಪಡಸಾಲೆಯಲ್ಲಿ ಕೂತಿದ್ದ ಮುದುಕರೊಬ್ಬರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಬರುವಾಗ ದಾರಿಯಲ್ಲಿ ಮಾಸ್ತರು ನಕ್ಕು, "ಇವತ್ತ ನೀ ತಪ್ಪಿದ್ದು ಭಾಳ ಚಲೋ ಆತು ನೋಡು," ಅಂದರು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಗೆ ಹಿಡಿಯಬೇಕು ಎನ್ನುವುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು. ನಾನು ನೋಡಿದವರಲ್ಲಿ ಅವರಷ್ಟು ಚೆಂದವಾಗಿ ಹಿಡಿಯುವವರು ಇನ್ನೊಬ್ಬರಿರಲಿಲ್ಲ.

ಅವರಿಗೂ ಒಂದು ಕೊರತೆ ಇತ್ತು. ಅದು ನನಗೂ ಚಾಚಾನಿಗೂ ಬಿಟ್ಟರೆ ಯಾರಿಗೂ ತಿಳಿಯದು. ಅವರಿಗೆ ತಾಳದ ಲೆಕ್ಕ ಇರಲಿಲ್ಲ. ಹಾಡುತ್ತಿರುವಷ್ಟು ಹೊತ್ತು ಏನೂ ತೊಂದರೆಯಿಲ್ಲ, ಶಬ್ದಗಳೇ ಅವರನ್ನು ನಡೆಸಿಕೊಂಡು ಹೋಗುತ್ತಿದ್ದವು. ಆದರೆ ಅವರು ಸುಮ್ಮನಿದ್ದು ನಾನು ಒಬ್ಬಳೇ ನುಡಿಸುವ ಜಾಗ ಬಂದರೆ, ತಬಲಾದ ಎಂಟು ಏಟಿನ ಸುತ್ತಿನಲ್ಲಿ ಮೊದಲನೆಯ ಏಟು ಎಲ್ಲಿದೆ ಅನ್ನುವುದು ಅವರ ಕಿವಿಯಿಂದ ಜಾರಿಹೋಗುತ್ತಿತ್ತು. ಅದಕ್ಕೇ ನಾನು ಎಷ್ಟೇ ಅಡ್ಡಾಡಿದರೂ ಕೊನೆಯ ಸುತ್ತನ್ನು ತೀರ ಸಾದಾ ನುಡಿಸುತ್ತಿದ್ದೆ, ಕೈ ಹಿಡಿದು ಬಾಗಿಲಿಗೆ ತಂದು ನಿಲ್ಲಿಸಿದ ಹಾಗೆ. ಚಾಚಾ ತಬಲಾ ಜೋಡಿಯ ಎಡಗಡೆಯ ಬಾಯಾದ ಮೇಲೆ ಒಂದು ದಪ್ಪ ಏಟು ಕೊಡುತ್ತಿದ್ದರು. ಆಗ ಮಾಸ್ತರು ಎತ್ತಿಕೊಳ್ಳುತ್ತಿದ್ದರು. ಕೇಳುವವರಿಗೆ ಅದು ಎಷ್ಟು ಸಲೀಸು ಅನ್ನಿಸುತ್ತಿತ್ತೆಂದರೆ, ಅವರ ಲಯವನ್ನೇ ಹೊಗಳಿ ಹೋಗುತ್ತಿದ್ದರು.

ಈ ಜಾಗ ಎಲ್ಲಕ್ಕಿಂತ ಕಷ್ಟವಾಗಿದ್ದದ್ದು ನಾವು 'ದೊಡ್ಡ ಪದ' ಅನ್ನುತ್ತಿದ್ದ ಒಂದು ಹಾಡಿನಲ್ಲಿ. ಮೂರು ನುಡಿಯ ಪದ. ಎರಡನೆಯ ನುಡಿ ಮುಗಿದ ಮೇಲೆ ಪೇಟಿಗೆ ಬಿಟ್ಟ ಜಾಗ, ಆಮೇಲೆ ಮೂರನೆಯ ನುಡಿ. ಅಷ್ಟರಲ್ಲಿ ಓಟ ಜೋರಾಗಿರುತ್ತಿತ್ತು.

ನನಗೆ ಇಪ್ಪತ್ಮೂರು ತುಂಬಿದ ವರ್ಷ ಶಿಗ್ಗಾಂವದಲ್ಲಿ ಭಜನಾ ಸ್ಪರ್ಧೆ ಇಟ್ಟಿದ್ದರು. ಕಾಳು ವ್ಯಾಪಾರಿಗಳೆಲ್ಲ ಸೇರಿ ಕಟ್ಟಿಸಿದ ಒಂದು ಸಭಾಭವನ, ಮಧ್ಯಾಹ್ನದ ಹೊತ್ತು, ಹೊರಗೆ ಹೆದ್ದಾರಿಯ ಲಾರಿಗಳ ಸದ್ದು. ಮುಂದಿನ ಸಾಲಿನಲ್ಲಿ ಊರಿನ ಹಿರಿಯರೊಬ್ಬರು ಕೂತಿದ್ದರು. ಹೆಣ್ಣುಮಕ್ಕಳಿಗೆ ಒಂದು ಸಂಗೀತ ಶಾಲೆ ತೆರೆಯುವ ತಯಾರಿಯಲ್ಲಿದ್ದರು ಅವರು. ಪೇಟಿ ಕಲಿಸಲು ನನ್ನನ್ನು ಕರೆಯಬೇಕೆಂದು ಅಪ್ಪನ ಮುಂದೆ ಮಾತು ಆಡಿ ಹೋಗಿದ್ದರು. ಅವತ್ತು ಅವರು ಬಂದದ್ದೇ ನನ್ನನ್ನು ಕೇಳಲು.

ದೊಡ್ಡ ಪದದ ಎರಡನೆಯ ನುಡಿ ಮುಗಿಯಿತು. ನಾನು ನುಡಿಸಲು ಸುರು ಮಾಡಿದೆ. ಎರಡು ಸುತ್ತು ಆದ ಮೇಲೆ ಎಂದಿನಂತೆ ಸಾದಾ ಸುತ್ತಿಗೆ ಇಳಿದೆ. ಮಾಸ್ತರು ಕೈ ತಿರುಗಿಸಿ, ಇನ್ನೊಂದು ಸುತ್ತು ಹೋಗು ಅಂತ ಸನ್ನೆ ಮಾಡಿದರು. ಮಂದಿ ತಲೆದೂಗುತ್ತಿದ್ದರು, ಅವರಿಗೂ ಹುರುಪು ಬಂದಿತ್ತು. ಸರಿ ಎಂದು ನಾನು ಮತ್ತೆ ಮೇಲಕ್ಕೆ ಹತ್ತಿದೆ. ಹತ್ತಿ ನಡುವೆ ಇದ್ದಾಗ, ಎಂಟರಲ್ಲಿ ಆರನೆಯ ಏಟಿಗೆ, ಅವರು ಮೂರನೆಯ ನುಡಿ ಎತ್ತಿಬಿಟ್ಟರು.

ನಾನು ಕೈಯಲ್ಲಿದ್ದ ಸಾಲನ್ನು ಅಲ್ಲೇ ಬಿಟ್ಟು ಅವರಿದ್ದ ಕಡೆಗೆ ಓಡಿದೆ. ಚಾಚಾ ಮೂರು ಏಟು ನುಂಗಿ ಅವರನ್ನು ಹಿಡಿದರು. ಹಿಡಿದಿದ್ದೆವು ಕೂಡ. ಇನ್ನು ಅರ್ಧ ಸಾಲು ಹಾಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮಾಸ್ತರು ಕೈ ಎತ್ತಿ ಹಾಡು ನಿಲ್ಲಿಸಿದರು.

ಅಷ್ಟು ವರ್ಷ ಅವರೊಡನೆ ಕೂತು ಹಾಡು ನಿಂತದ್ದನ್ನು ನಾನು ನೋಡಿರಲಿಲ್ಲ. ಸಭಾಭವನದಲ್ಲಿ ಫ್ಯಾನುಗಳ ಸದ್ದು ಕೇಳಿಸಿತು.

"ಕ್ಷಮಾ ಇರಲಿರಿ. ಪೇಟಿ ದಾರಿ ತಪ್ಪಿತು. ಹುಡುಗಿ ಹೊಸಬಾಕಿ," ಅಂದರು ಮಾಸ್ತರು, ನಗುತ್ತ. ಮಂದಿಯೂ ನಕ್ಕರು. ಆಮೇಲೆ ನನ್ನ ಮುಂದಿನಿಂದ ಪೇಟಿಯನ್ನು ಎಳೆದುಕೊಂಡು, ತಾವೇ ನುಡಿಸುತ್ತ ಮೂರನೆಯ ನುಡಿ ಹಾಡಿ ಮುಗಿಸಿದರು. ಆ ಐದಾರು ನಿಮಿಷ ನಾನು ಎದ್ದು ಹೋಗುವಂತಿರಲಿಲ್ಲ. ಇನ್ನೂರು ಜನರ ಎದುರು, ಮುಂದೆ ಏನೂ ಇಲ್ಲದೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಸೆರಗು ಸರಿಮಾಡಿಕೊಂಡೆ. ಅದಕ್ಕೂ ಯಾರೋ ನಕ್ಕರು.

ನನಗೆ ಸಿಟ್ಟು ಬಂದದ್ದು ಆಗಲ್ಲ. ಆಗ ನನಗೆ ನಾಚಿಕೆಯೊಂದೇ ಗೊತ್ತಾಗುತ್ತಿತ್ತು. ಸಿಟ್ಟು ಬಂದದ್ದು ತಿರುಗಿ ಬರುವಾಗ ಟೆಂಪೋದಲ್ಲಿ. ಮಾಸ್ತರು ನನ್ನ ಕಡೆ ಬಗ್ಗಿ, ತುಂಬ ದೊಡ್ಡ ಮನಸ್ಸಿನವರ ಹಾಗೆ ಹೇಳಿದರು: "ತಪ್ಪ ಆಗ್ತಾವ, ಹೋಗ್ಲಿ ಬಿಡು. ನಾ ಏನ್ ಮನಸಿನ್ಯಾಗ ಇಟಗೊಂಡಿಲ್ಲ."

ನಾನು ಮಾಡದ ತಪ್ಪಿಗೆ ಅವರು ನನ್ನನ್ನು ಕ್ಷಮಿಸಿದ್ದರು! ಚಾಚಾ ಕಿಟಕಿಯ ಹೊರಗೆ ನೋಡುತ್ತಿದ್ದರು. ಬಾಯಿ ಬಿಡಲಿಲ್ಲ.

ಸುದ್ದಿ ನಮಗಿಂತ ಮೊದಲು ಹಾನಗಲ್ಲಿಗೆ ಮುಟ್ಟಿತ್ತು. ಅಪ್ಪ ಅಂಗಡಿಯ ಬಾಗಿಲು ಹಾಕಿ ಒಳಗೆ ಬಂದು ಕೂತರು.

"ಖರೇನ ತಪ್ಪಿದೇನವ್ವಾ?"

"ಇಲ್ಲಪ್ಪಾ. ಅವರಽ ಮುಂಚೆ ಎತ್ತಿದ್ರು."

ಅಪ್ಪ ಕೊರಳಿನ ಟೇಪು ತೆಗೆದು ಸುತ್ತಿಟ್ಟರು. ಆಮೇಲೆ, "ಅಷ್ಟ ದೊಡ್ಡ ಮನಶ್ಯಾ ಸುಳ್ಳ ಯಾಕ ಹೇಳ್ತಾನ?" ಅಂದರು. ನನ್ನನ್ನು ಬೈಯಲಿಲ್ಲ. ಅವತ್ತಿನಿಂದ ನಾನು ಹಿಂದಿನ ಕೋಣೆಯಲ್ಲಿ ನುಡಿಸುವಾಗ ತಪ್ಪಿದರೂ ಅವರು "ಊಂಹೂಂ" ಅನ್ನುವುದನ್ನು ಬಿಟ್ಟುಬಿಟ್ಟರು. ಅವರಿಗೆ ನನ್ನ ಕೈಯ ಮೇಲೆ ಆಸೆ ಹೋಗಿತ್ತು. ಶಿಗ್ಗಾಂವದ ಹಿರಿಯರು ಬೇರೆ ಯಾರನ್ನೋ ನೋಡಿಕೊಂಡಿದ್ದೇವೆ ಎಂದು ಹೇಳಿ ಕಳಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ನನಗೆ 'ತಪ್ಪುಪೇಟಿ' ಅಂತ ಹೆಸರಿಟ್ಟರು. ಮಾಸ್ತರು ಮತ್ತೆ ಕರೆಯಲಿಲ್ಲ, ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಚಾಚಾ ಹಾನಗಲ್ಲಿಗೆ ಬಂದರು. ಅಂಗಡಿಯಲ್ಲಿ ಅಪ್ಪ ಇರಲಿಲ್ಲ.

"ನಾ ಅಲ್ಲೇ ಹೇಳಬೇಕಾಗಿತ್ತು ಬೇಟಿ. ಹೇಳಲಿಲ್ಲ," ಅಂದರು.

"ಈಗರ ಹೇಳ್ರಿ ಚಾಚಾ, ನಮ್ಮಪ್ಪಗ."

ಅವರು ಟೋಪಿ ತೆಗೆದು ಬೆಂಚಿನ ಮೇಲೆ ಕೂತರು. ಆದರೆ ಅಪ್ಪ ಬರುವ ತನಕ ಕಾಯದೆ ಸವಣೂರಿನ ಬಸ್ ಹತ್ತಿದರು. ಅಪ್ಪ ಮೂರು ವರ್ಷದ ಮೇಲೆ ಹೃದಯಾಘಾತದಿಂದ ಹೋದರು. ಹೋಗುವ ತನಕ, ತಮ್ಮ ಮಗಳು ಮಂದಿಯ ಮುಂದೆ ತಾಳ ತಪ್ಪಿದಳು ಅಂತಲೇ ನಂಬಿದ್ದರು. ಮಾಸ್ತರು ಅಂತ್ಯಕ್ರಿಯೆಗೆ ಬಂದು ನಮ್ಮವ್ವನಿಗೆ ಸಮಾಧಾನ ಹೇಳಿದರು. ನಾನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಹಿರೇಕೆರೂರಿನಲ್ಲಿ ನನ್ನನ್ನು ತಪ್ಪುಪೇಟಿ ಅನ್ನುವವರು ಯಾರೂ ಇರಲಿಲ್ಲ. ನಮ್ಮ ಓಣಿಯ ಹೆಂಗಸರು ಗುರುವಾರ ಮಧ್ಯಾಹ್ನ ಭಜನೆಗೆ ಸೇರುತ್ತಿದ್ದರು. ಅಪ್ಪನ ಪೇಟಿ ನನ್ನೊಡನೆ ಬಂದಿತ್ತು. ಅವರಿಗೆ ನುಡಿಸಿದೆ. ಒಬ್ಬಾಕೆ ಬೇಗ ಎತ್ತುವಳು, ಇನ್ನೊಬ್ಬಾಕೆ ಸಾಲು ಮರೆಯುವಳು, ಮತ್ತೊಬ್ಬಾಕೆ ಸ್ವರವನ್ನೇ ಬದಲಿಸಿಬಿಡುವಳು. ಎಲ್ಲರನ್ನೂ ಹಿಡಿಯುತ್ತಿದ್ದೆ. ಹಿಡಿಯುವುದು ನನ್ನ ಕೈಗೆ ಉಸಿರಾಟದಷ್ಟು ರೂಢಿಯಾಗಿತ್ತು.

ಆದರೆ ಮನೆಯಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ, ಅಂಗಡಿ ತೆರೆಯುವ ಮೊದಲು, ನಾನು ಬೇರೆಯೇ ಒಂದನ್ನು ಕಲಿಯುತ್ತಿದ್ದೆ. ದೊಡ್ಡ ಪದದ ಆ ಜಾಗ. ಅಲ್ಲಿ ಮೊದಲನೆಯ ಏಟನ್ನು ಹೇಗೆ ಮರೆಮಾಡಬೇಕು, ಸಾಲು ಮುಗಿಯಿತು ಅನ್ನಿಸುವ ಹಾಗೆ ಮಾಡಿ ಹೇಗೆ ಮುಗಿಸಬಾರದು, ಬಾಗಿಲು ತೆರೆದಂತೆ ಕಾಣಿಸಿ ಹೇಗೆ ತೆರೆಯಬಾರದು. ಒಂದೇ ಒಂದು ಏಟೂ ತಪ್ಪಬಾರದು, ಅದು ನನ್ನ ಶರತ್ತು. ನಾನು ನೂರಕ್ಕೆ ನೂರು ಸರಿಯಿರಬೇಕು, ಅವರು ಮಾತ್ರ ಬೀಳಬೇಕು. ನಮ್ಮ ಮನೆಯವರು ಒಮ್ಮೆ ಕೇಳಿ, "ಎಷ್ಟ ದಿನ ಅದೊಂದನ್ನಽ ತಿರುವ್ಯಾಡತಿ? ಬ್ಯಾರೆ ಬರಂಗಿಲ್ಲೇನು?" ಅಂದರು. "ಇನ್ನಾ ಕೈಗೆ ಕುಂತಿಲ್ಲ," ಅಂದೆ.

ಮಾಸ್ತರು ಹತ್ತಿರದ ಊರುಗಳಿಗೆ ಹಾಡಲು ಬಂದರೆ ಹೋಗಿ ಹಿಂದೆ ನಿಂತು ಕೇಳುತ್ತಿದ್ದೆ. ಅವರು ದಪ್ಪಗಾಗಿದ್ದರು, ಶಾಲೆಯಿಂದ ನಿವೃತ್ತರಾಗಿದ್ದರು, ದನಿ ಮಾತ್ರ ಇನ್ನೂ ಹಾಗೇ ಇತ್ತು. ಕೇಳುವಾಗ ನನಗೇ ಎದೆ ತುಂಬಿ ಬರುತ್ತಿತ್ತು, ಅದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಹೊಸ ಪೇಟಿಯವನು ನಾನು ಮಾಡಿದ್ದನ್ನೇ ಮಾಡುತ್ತಿದ್ದ, ಕೊನೆಯ ಸುತ್ತು ಸಾದಾ ನುಡಿಸಿ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ. ತಾಳದ ಲೆಕ್ಕ ಮಾಸ್ತರರಿಗೆ ಇನ್ನೂ ಬಂದಿರಲಿಲ್ಲ. ಅದನ್ನು ಖಾತ್ರಿ ಮಾಡಿಕೊಂಡು ಮನೆಗೆ ಬರುತ್ತಿದ್ದೆ.

ಹೋದ ವರ್ಷ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರಿಯೊಬ್ಬರು ಹೊಸ ಮನೆ ಕಟ್ಟಿಸಿ ಮಂದಿಯನ್ನು ಕರೆದರು. ಬೆಳಿಗ್ಗೆ ಹತ್ತು ಗಂಟೆಗೆ ಮನೆಯ ಮುಂದಿನ ಚಪ್ಪರದಲ್ಲಿ ಮಾಸ್ತರರ ಹಾಡು, ಅವರಿಗೊಂದು ಸನ್ಮಾನ, ಆಮೇಲೆ ಊಟ. ಆ ಮನೆಯ ಸೊಸೆ ಹಿರೇಕೆರೂರಿನವಳು, ಹಾಗಾಗಿ ನಮ್ಮ ಹೆಂಗಸರ ಮೇಳಕ್ಕೂ ಕರೆ ಬಂತು. ನಮ್ಮದು ಮೊದಲು ಎರಡು ಹಾಡು. ಹಾಡಿ ಮುಗಿಸಿದೆವು.

ಮಾಸ್ತರು ಬಂದು ಗಾದಿಯ ಮೇಲೆ ಕೂತರು. ಚಾಚಾ ತಬಲಾ ಬಿಚ್ಚಿದರು. ಪೇಟಿಯವನು ಬರಲಿಲ್ಲ. ಫೋನ್ ಮಾಡಿದರೆ ತಡಸದ ಹತ್ತಿರ ಲಾರಿ ಅಡ್ಡಬಿದ್ದು ಬಸ್ಸು ನಿಂತಿದೆ, ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ ಅಂದ. ಮಾಸ್ತರು ಸುತ್ತ ನೋಡಿ, ಪೇಟಿ ಮುಚ್ಚುತ್ತಿದ್ದ ನನ್ನ ಮೇಲೆ ಕಣ್ಣಿಟ್ಟರು.

"ತಂಗಿ, ಚಲೋ ನುಡಿಸಿದ್ರಿ. ಕಪ್ಪು ಎರಡರ ಶ್ರುತಿಯಾಗ ನಮಗ ಸಾಥ್ ಕೊಡತೀರೇನು?"

ಅವರಿಗೆ ನನ್ನ ಗುರುತು ಹತ್ತಿರಲಿಲ್ಲ. ಮೂರು ವರ್ಷ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತವಳನ್ನು ಅವರು ತಂಗಿ ಅಂದು, ಬಹುವಚನ ಹಚ್ಚಿ ಕರೆದಿದ್ದರು.

"ಕೊಡ್ತೇನ್ರಿ ಮಾಸ್ತರ," ಅಂದೆ.

ಚಾಚಾನಿಗೆ ಗುರುತು ಹತ್ತಿತ್ತು. ನಾನು ಪಕ್ಕದಲ್ಲಿ ಕೂತಾಗ ಅವರು ಸುತ್ತಿಗೆಯಿಂದ ತಬಲಾ ತಟ್ಟಿ ಸರಿಮಾಡುತ್ತ, ತಲೆ ಎತ್ತದೆ ಅಂದರು, "ಬೇಟಿ, ಎರಡ ಪದ ಹಾಡಿ ಏಳೂಣು. ಜಾಸ್ತಿ ಬ್ಯಾಡ."

"ಹೂಂ ಚಾಚಾ."

ಮನೆಯವರು ತಂದಿಟ್ಟ ಮೈಕನ್ನು ಮಾಸ್ತರು ಎಂದಿನಂತೆ ಪಕ್ಕಕ್ಕಿಟ್ಟರು. ಮೊದಲನೆಯ ಪದಕ್ಕೆ ನಾನು ನುಡಿಸಿದ ಹಾಗೆ ಅವರಿಗೆ ಎಂದೂ ಯಾರೂ ನುಡಿಸಿರಲಿಕ್ಕಿಲ್ಲ. ಉಸಿರೆಳೆದರೆ ಸ್ವರ ತಯಾರಿರುತ್ತಿತ್ತು. ಒಂದು ಕಡೆ ಅವರ ದನಿ ಕೊಂಚ ಕೆಳಗಿಳಿಯಿತು, ಯಾರಿಗೂ ತಿಳಿಯದ ಹಾಗೆ ಮೇಲೆತ್ತಿ ಕೊಟ್ಟೆ. ಅವರು ನನ್ನ ಕಡೆ ತಿರುಗಿ ಮಂದಿಗೆ ಕೇಳುವ ಹಾಗೆ, "ಏನ ಕೈರಿ ತಂಗೀದು!" ಅಂದರು. ಮಂದಿ ಚಪ್ಪಾಳೆ ತಟ್ಟಿದರು.

"ಮಾಸ್ತರ," ಅಂದೆ, "ಆ ಮೂರ ನುಡಿ ಪದ ಹಾಡ್ರಲಾ. ನಿಮ್ಮ ಬಾಯಿಲೆ ಅದನ್ನ ಕೇಳಬೇಕಂತ ಭಾಳ ಆಸೆ ಐತ್ರಿ."

ಚಾಚಾ ನನ್ನನ್ನು ನೋಡಿದರು. ಮಾಸ್ತರು ಹಿಗ್ಗಿ ಹಾಡು ಎತ್ತಿಕೊಂಡರು.

ಮೊದಲನೆಯ ನುಡಿ ಹೋಯಿತು, ಎರಡನೆಯದು ಹೋಯಿತು. ನಮ್ಮ ಹಿರೇಕೆರೂರಿನ ಹೆಂಗಸರು ಮುಂದೆಯೇ ಕೂತು ತಾಳ ಹಾಕುತ್ತಿದ್ದರು, ಅವರನ್ನು ನೋಡಿ ಉಳಿದವರೂ ಚಪ್ಪಾಳೆ ಹಾಕುತ್ತಿದ್ದರು. ಪೇಟಿಯ ಜಾಗ ಬಂತು. ಎರಡು ಸುತ್ತು ನುಡಿಸಿದೆ. ಮಾಸ್ತರು ಕೈ ತಿರುಗಿಸಿ ಇನ್ನೊಂದು ಸುತ್ತು ಅಂದರು. ಅವರು ಹೇಳದಿದ್ದರೂ ನಾನು ಹೋಗುವವಳೇ. ಹೋದೆ. ಅಷ್ಟು ವರ್ಷ ತಿರುವಿದ್ದೆಲ್ಲ ಬೆರಳಿಗೆ ಬಂತು, ಅದರ ಮೇಲೆ ಅವತ್ತೇ ಹುಟ್ಟಿದ ಇನ್ನೊಂದಿಷ್ಟು ಬಂತು. ಸಾಲು ಮುಗಿಯುವಂತೆ ಇಳಿದು ಮುಗಿಸದೆ ಪಕ್ಕಕ್ಕೆ ಸರಿದೆ. ಅವರು ಬಾಯಿ ತೆರೆದು ಎತ್ತಿದರು. ಮುಂಚೆಯಾಗಿತ್ತು.

ಆಗ ಒಂದು ಆಯಿತು. ನನ್ನ ಬೆರಳುಗಳು ತಾವಾಗಿಯೇ ಅವರನ್ನು ಹಿಡಿಯಲು ಓಡಿದವು. ರೂಢಿ. ಅವುಗಳನ್ನು ಹಿಂದಕ್ಕೆ ಎಳೆದುಕೊಂಡದ್ದೇ ಅವತ್ತಿನ ನನ್ನ ಎಲ್ಲಕ್ಕಿಂತ ಕಷ್ಟದ ಕೆಲಸ. ಎಳೆದುಕೊಂಡು ನಾನಿರಬೇಕಾದ ಕಡೆಗೇ ನಿಂತೆ. ಚಾಚಾನ ಏಟು ಅರೆಕ್ಷಣ ಅಳುಕಿತು, ಮಾಸ್ತರರ ಕಡೆ ಹೋಗಲೋ ನನ್ನ ಕಡೆ ಬರಲೋ ಎನ್ನುವ ಹಾಗೆ. ಆಮೇಲೆ ಅದೂ ತನ್ನ ಜಾಗದಲ್ಲೇ ಉಳಿಯಿತು.

ಮಾಸ್ತರು ನಿಲ್ಲಿಸಿ ಮತ್ತೆ ಎತ್ತಿದರು. ಈ ಸಲ ತಡವಾಯಿತು. ಚಪ್ಪಾಳೆ ಒಂದು ಕಡೆ, ಅವರ ದನಿ ಒಂದು ಕಡೆ. ಮುಂದೆ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ಸಲ ಎತ್ತಿದಾಗ ಯಾರೋ ಕಿಸಕ್ಕೆಂದರು. ಮಾಸ್ತರರ ಕುತ್ತಿಗೆ ಕೆಂಪಾಯಿತು. ನನ್ನ ಕಡೆ ನೋಡಿದರು. ಆ ನೋಟದಲ್ಲಿದ್ದ ಬೇಡಿಕೆಯನ್ನು ಇಡೀ ಚಪ್ಪರದಲ್ಲಿ ನಾನೊಬ್ಬಳೇ ಓದಬಲ್ಲವಳಾಗಿದ್ದೆ. ಓದಿ, ನುಡಿಸುತ್ತ ಹೋದೆ.

ಅವರು ಕೈ ಎತ್ತಿದರು.

"ಪೇಟಿ ಸ್ವಲ್ಪ ದಾರಿ ತಪ್ಪಿತು..." ಅಂತ ಮಂದಿಯ ಕಡೆ ತಿರುಗಿ ನಕ್ಕರು.

"ಇಲ್ರಿ ಮಾಸ್ತರ," ಅಂದರು ಚಾಚಾ. ದನಿ ಎತ್ತರಿಸಲಿಲ್ಲ, ಆದರೆ ಮೈಕ್ ಇಲ್ಲದೆ ಕೇಳುವುದನ್ನು ಕಲಿತ ಮಂದಿ ಅದು. ಎಲ್ಲರಿಗೂ ಕೇಳಿಸಿತು. "ಪೇಟಿ ಸರಿ ಐತ್ರಿ."

ಚಾಚಾನ ಕೈ ನಿಂತಿರಲಿಲ್ಲ. ನನ್ನದೂ ನಿಂತಿರಲಿಲ್ಲ. ಮೊದಲನೆಯ ಏಟು ಬಂದಾಗ ಮೂರನೆಯ ನುಡಿಯನ್ನು ನಾನೇ ಎತ್ತಿಕೊಂಡೆ. ನನ್ನದು ಹಾಡುವವರ ದನಿಯಲ್ಲ, ಒರಟು. ಆದರೆ ತಾಳಕ್ಕೆ ಸರಿಯಾಗಿ ಬಿತ್ತು. ನಮ್ಮ ಹೆಂಗಸರು ದನಿಗೂಡಿಸಿದರು. ಪದ ಮುಗಿಯುವ ತನಕ ಮಾಸ್ತರು ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಒಮ್ಮೆ ಹೆಗಲ ಮೇಲಿನ ಶಲ್ಯೆ ಸರಿಮಾಡಿಕೊಂಡರು. ನಾನು ಅದನ್ನು ಕಣ್ತುಂಬ ನೋಡಿದೆ.

ಚಪ್ಪಾಳೆ ನಿಂತ ಮೇಲೆ ಅವರ ಕಡೆ ಬಗ್ಗಿ ಹೇಳಿದೆ: "ತಪ್ಪ ಆಗ್ತಾವ, ಹೋಗ್ಲಿ ಬಿಡ್ರಿ ಮಾಸ್ತರ. ನಾ ಏನ್ ಮನಸಿನ್ಯಾಗ ಇಟಗೊಂಡಿಲ್ಲ."

ಈ ಮಾತು ಆಡುವಾಗ ಅವರ ಮುಖ ಹೇಗಾಗುತ್ತದೆ ಅಂತ ಎಷ್ಟೋ ಸಲ ಊಹಿಸಿಕೊಂಡಿದ್ದೆ. ಅವರ ಮುಖದಲ್ಲಿ ಏನೂ ಆಗಲಿಲ್ಲ. ಬೆವರು ಒರೆಸಿಕೊಳ್ಳುತ್ತ, "ಯಾವೂರ ತಂಗಿ ನಿಮ್ಮದು?" ಅಂದರು.

"ಹಾನಗಲ್ಲರಿ. ಬಸ್‌ಸ್ಟ್ಯಾಂಡ್ ಹತ್ತರ ಟೇಲರ್ ಮಗಳು. ಶಿಗ್ಗಾಂವದಾಗ ನನ್ನ ಮುಂದಿಂದ ಪೇಟಿ ಕಸಗೊಂಡಿದ್ರಿ. ತಪ್ಪ ನಿಮ್ಮದಿತ್ತು."

ಅವರು ನನ್ನನ್ನು ನೋಡಿದರು. ಎಷ್ಟೋ ಹೊತ್ತು ನೋಡಿದರು ಅಂತ ನನಗೆ ಅನ್ನಿಸುತ್ತದೆ.

"ಹೌದಾ?" ಅಂದರು. "ನನಗ ನೆನಪಿಲ್ಲವಾ."

ಅಷ್ಟರಲ್ಲಿ ಮನೆಯವರು ಸನ್ಮಾನದ ಹಾರ ತಂದರು. ಹಾರ ಹಾಕಿಸಿಕೊಂಡು, ಊಟಕ್ಕೆ ನಿಲ್ಲದೆ, ಅವರು ಕಾರಿನಲ್ಲಿ ಹೊರಟುಹೋದರು. ನಿಜವಾಗಿ ಮರೆತಿದ್ದರೋ ಅದೂ ಒಂದು ಸುಳ್ಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಮರೆತಿದ್ದರೆ ಅದು ಸುಳ್ಳಿಗಿಂತ ಕೆಟ್ಟದ್ದು.

ಯಾರೋ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು. ವಿಡಿಯೋ ಹಾನಗಲ್ಲಿಗೂ ಮುಟ್ಟಿತು, ಶಿಗ್ಗಾಂವಕ್ಕೂ ಮುಟ್ಟಿತು. ನಮ್ಮವ್ವನಿಗೆ ಪಕ್ಕದ ಮನೆಯವರು ತೋರಿಸಿದರಂತೆ. ಅವ್ವ ಫೋನ್ ಮಾಡಿ, "ನಿಮ್ಮಪ್ಪ ಇರಬೇಕಿತ್ತು," ಅಂದಳು. ಆ ಒಂದು ಮಾತಿಗೆ ನಾನು ಅಂಗಡಿಯಲ್ಲಿ ಕೂತು ಅತ್ತೆ. ಮಾಸ್ತರರಿಗಾಗಿ ಅಲ್ಲ. ಆಮೇಲೆ ಮಾಸ್ತರು ಹಾಡುವುದು ಕಡಿಮೆಯಾಯಿತು ಅಂತ ಕೇಳಿದೆ. ದೊಡ್ಡ ಪದವನ್ನಂತೂ ಹಾಡುವುದೇ ಇಲ್ಲವಂತೆ. ಕೇಳಿ ನನಗೆ ಸಂತೋಷವೇ ಆಯಿತು. ಮುಚ್ಚಿಡುವುದೇನಿದೆ?

ಆ ವಿಡಿಯೋವನ್ನು ನಾನು ಬಹಳ ಸಲ ನೋಡಿದ್ದೇನೆ. ಮಾಸ್ತರು ಮೊದಲ ಸಲ ಎತ್ತಿದಾಗ ತಪ್ಪಿದ್ದು ಒಂದೇ ಏಟು. ಹಿಡಿಯಲು ಏನೂ ಕಷ್ಟವಿರಲಿಲ್ಲ, ನಮ್ಮ ಗುರುವಾರದ ಹೆಂಗಸರನ್ನು ಅದಕ್ಕಿಂತ ದೊಡ್ಡ ಹಳ್ಳದಿಂದ ಎತ್ತಿದ್ದೇನೆ. ಅದೇ ಹೊತ್ತಿಗೆ ವಿಡಿಯೋದಲ್ಲಿ ಚಾಚಾನ ಮುಖ ಕಾಣುತ್ತದೆ. ಅವರು ಮಾಸ್ತರರನ್ನು ನೋಡುತ್ತಿಲ್ಲ. ನನ್ನನ್ನು ನೋಡುತ್ತಿದ್ದಾರೆ.

ಆ ಸನ್ಮಾನದ ಮರುವಾರ ನಾನು ಸವಣೂರಿಗೆ ಹೋಗಿ, ನಮ್ಮ ಹೆಂಗಸರ ಮೇಳಕ್ಕೆ ತಬಲಾ ನುಡಿಸಲು ಬರುತ್ತೀರಾ ಎಂದು ಚಾಚಾನನ್ನು ಕೇಳಿದೆ. ಅಂಗಡಿಯಲ್ಲಿ ಅರ್ಧ ತುಂಬಿದ ಗಾದಿಯ ಮೇಲೆ ನನ್ನನ್ನು ಕೂರಿಸಿ ಚಹಾ ತರಿಸಿದರು. ಮಕ್ಕಳ ಬಗ್ಗೆ ಕೇಳಿದರು, ನನ್ನ ಅಂಗಡಿಯ ಬಗ್ಗೆ ಕೇಳಿದರು. ತಬಲಾದ ಮಾತಿಗೆ ಮಾತ್ರ ತಲೆ ಅಲ್ಲಾಡಿಸಿದರು.

"ಯಾಕ್ರಿ ಚಾಚಾ? ನಾ ಮಾಡಿದ್ದು ತಪ್ಪೇನು?"

"ನಿಂದೇನೂ ತಪ್ಪಿಲ್ಲ. ಅಂವಾ ಮಾಡಿದ್ದು ಅಂವಗ ಸಿಕ್ತು. ನಾನೂ ಅಂದು ಬಾಯಿ ಬಿಟ್ಟಿದ್ರ ಇಷ್ಟ ಆಗ್ತಿದ್ದಿಲ್ಲ, ಅದೂ ಖರೆ."

"ಮತ್ತ?"

ಅವರು ಬೆರಳಿಗೆ ಹತ್ತಿದ ಹತ್ತಿಯನ್ನು ಬಿಡಿಸುತ್ತ ಕೂತರು. "ನನಗೂ ವಯಸ್ಸಾತು ಬೇಟಿ. ಕೈ ತಪ್ತಾವ ಈಗ. ಬಾಜೂಕ ಕುಂತಾಕಿ ಹಿಡಿತಾಳೋ ಬಿಡ್ತಾಳೋ ಅಂತ ಅಂಜಿಕೋತ ನುಡಿಸಾಕ ಆಗಂಗಿಲ್ಲ ನನಗ."

"ನಿಮ್ಮನ್ನ ನಾ ಎಂದರ ಬಿಡ್ತೇನೇನ್ರಿ?"

"ಬಿಡಂಗಿಲ್ಲ. ಗೊತ್ತೈತಿ. ಆದ್ರೂ ನಾ ನೋಡೇನಿ."

ನನಗೆ ಅವರ ಮೇಲೂ ಸಿಟ್ಟು ಬಂತು. ಚಹಾದ ಕಪ್ಪು ಕೆಳಗಿಟ್ಟು ಹೇಳಿದೆ, "ಚಾಚಾ, ನಾಳೆ ಮತ್ತ ಅಂಥಾ ದಿನಾ ಬಂದ್ರೂ ನಾ ಅದನ್ನಽ ಮಾಡ್ತೇನಿ. ಸುಳ್ಳ ಹೇಳಂಗಿಲ್ಲ ನಿಮಗ."

"ಹೌದು ಬೇಟಿ," ಅಂದರು ಅವರು. "ಅದಕ್ಕಽ ನಾ ಬರಂಗಿಲ್ಲ."

ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ತಾವೇ ಎದ್ದು, ನನ್ನ ಜೊತೆ ರಸ್ತೆಯ ತನಕ ಬಂದರು.